ಹೆಚ್ಚಿದ ಬಳೆ

ಜೂನ್ 5, 2018, ಮಂಗಳವಾರ

ಈ ಡೈರಿಯನ್ನು ಜನವರಿಯಲ್ಲಿ ನೀವೇ ತಂದುಕೊಟ್ಟದ್ದು. ಹೋಟೆಲಿಗೆ ಚಹಾಪುಡಿ ಹಾಕುವವನು ಕೊಟ್ಟದ್ದಂತೆ. ‘ಲೋಲಾಕ್ಷಿ, ನಿನ್ನ ಅಕ್ಷರ ಚಂದ ಉಂಟು, ಏನಾದರೂ ಬರಿ’ ಎಂದಿರಿ. ಫೆಬ್ರವರಿಯಲ್ಲಿ ನೀವೇ ಹೋದಿರಿ. ಬರೆಯಲು ಏನೂ ಇರಲಿಲ್ಲ. ಇವತ್ತು ಒಂದು ವಿಷಯ ಇದೆ.

ನನಗೆ ಕೆಲಸ ಸಿಕ್ಕಿತು.

ರಬಾಳೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಒಂದು ಸಣ್ಣ ಲ್ಯಾಬು. ನಿಮ್ಮ ಮಾಜಿವಾಡಾ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಸರ್ವೋತ್ತಮ ಸರ್ ನೆನಪಿದ್ದಾರಲ್ಲ, ಅದನ್ನು ನಡೆಸುವವರು ಅವರೇ. ನಿಮ್ಮ ಹೆಸರು ಹೇಳಿದಾಗ ‘ಓ, ಜಯಶೀಲನ ಮನೆಯವರಾ’ ಎಂದರು. ಬೇರೆಯವರ ಹಾಗೆ ಅಯ್ಯೋ ಪಾಪ ಎನ್ನಲಿಲ್ಲ. ‘ಎಲ್ಲಿ, ಕೈ ತೋರಿಸಿ’ ಎಂದರು.

ನನ್ನ ಜೊತೆ ಇನ್ನಿಬ್ಬರು ಹೆಂಗಸರು ಬಂದಿದ್ದರು. ಕೆಲಸದ ಹೊತ್ತಿಗೆ ಕೈಯಲ್ಲಿ ಬಳೆ, ಉಂಗುರ ಏನೂ ಇರಬಾರದು ಎಂದದ್ದಕ್ಕೆ ಒಬ್ಬರು ಎದ್ದೇ ಹೋದರು. ಇನ್ನೊಬ್ಬರು ಮನೆಯಲ್ಲಿ ಕೇಳಿ ಬರುತ್ತೇನೆ ಎಂದರು. ನನ್ನ ಕೈಯಲ್ಲಿ ತೆಗೆಯುವುದಕ್ಕೆ ಏನಿದೆ? ಮುಂದೆ ಚಾಚಿದೆ. ಬೆರಳು ನಡುಗಲಿಲ್ಲ. ‘ಕೈ ಸ್ಥಿರ ಉಂಟು. ನಾಳೆಯಿಂದ ಬನ್ನಿ’ ಎಂದರು.

ನನ್ನ ಬೋಳು ಕೈಯನ್ನು ನೋಡಿ ಯಾರೂ ಮುಖ ತಿರುಗಿಸದೆ ಇದ್ದದ್ದು ನೀವು ಹೋದ ಮೇಲೆ ಇದೇ ಮೊದಲು.

ಮನೆಗೆ ಬಂದು ಇಬ್ಬರಿಗಾಗುವಷ್ಟು ಅಕ್ಕಿ ಹಾಕಿಬಿಟ್ಟೆ.

ಜೂನ್ 8, ಶುಕ್ರವಾರ

ಕೆಲಸ ಏನೆಂದು ನಿಮಗೆ ಹೇಗೆ ಹೇಳಲಿ? ಗಾಜಿನ ಮುಖ ಇರುವ ಒಂದು ದೊಡ್ಡ ಉಕ್ಕಿನ ಪೆಟ್ಟಿಗೆ. ಗಾಜಿನಲ್ಲಿ ಎರಡು ಗುಂಡನೆಯ ತೂತು. ಆ ತೂತುಗಳಿಗೆ ಭುಜದವರೆಗೂ ಬರುವ ಕಪ್ಪು ರಬ್ಬರಿನ ಗ್ಲೋವ್ಸು. ನಾವು ಹೊರಗೆ ನಿಂತು ಕೈ ಮಾತ್ರ ಒಳಗೆ ಹಾಕಬೇಕು. ಒಳಗೆ ಇರುವುದು ನಮ್ಮ ಗಾಳಿಯಲ್ಲ, ಆರ್ಗಾನ್ ಎಂಬ ಅನಿಲ. ಅಲ್ಲಿಗೆ ನೀರಿನ ಪಸೆ ಸುಳಿಯಬಾರದು. ಒಳಗಿರುವ ಬಿಳಿ ಪುಡಿ ನೀರು ಕಂಡರೆ ಕುಡಿದುಬಿಡುತ್ತದೆ. ಆ ಪುಡಿಯನ್ನು ಅಚ್ಚಿನಲ್ಲಿ ಹಾಕಿ, ಒತ್ತಿ, ಬಿಲ್ಲೆ ಮಾಡುವುದು ನನ್ನ ಕೆಲಸ.

ಈಗಿನ ಬ್ಯಾಟರಿಗಳ ಒಳಗೆ ಒಂದು ದ್ರವ ಇರುತ್ತದಂತೆ. ಬ್ಯಾಟರಿ ವಿಪರೀತ ಬಿಸಿಯಾದರೆ ಅದು ಹೊತ್ತಿ ಉರಿಯುತ್ತದೆ. ಅದರ ಬದಲಿಗೆ ಇಂಥ ಗಟ್ಟಿ ಬಿಲ್ಲೆ ಇಡಬೇಕೆಂದು ಎಲ್ಲ ದೇಶದವರೂ ಹೆಣಗುತ್ತಿದ್ದಾರಂತೆ. ವಿದ್ಯುತ್ ಹೊತ್ತ ಲಿಥಿಯಂ ಅಯಾನುಗಳು ಬಿಲ್ಲೆಯನ್ನು ಎಷ್ಟು ಸಲೀಸಾಗಿ ದಾಟುತ್ತವೆ ಎಂದು ಅಳೆಯಬೇಕು. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು, ಒಂದು ಮಿಲ್ಲಿಸೀಮೆನ್ಸ್ ಮುಟ್ಟಬೇಕು. ಈಗ ಅರ್ಧದಲ್ಲಿದೆ. ದುಡ್ಡು ಹಾಕಿದ ಪುಣೆಯ ಕಂಪನಿಯವರು ದಸರೆಯವರೆಗೆ ಕಾಯುತ್ತಾರೆ. ಒಂದು ಮುಟ್ಟದಿದ್ದರೆ ಲ್ಯಾಬಿಗೆ ಬೀಗ. ಸರ್ ಇದನ್ನು ಮೊದಲ ದಿನವೇ ಮುಚ್ಚುಮರೆ ಇಲ್ಲದೆ ಹೇಳಿದರು.

ಗುಡಿಸಿ ಒರೆಸುವ ಮರಗಮ್ಮ ಕಲಬುರಗಿ ಕಡೆಯವಳು. ಮೊಣಕೈವರೆಗೆ ಬಳೆ. ನಾನು ಪೆಟ್ಟಿಗೆಯ ಒಳಗೆ ಕೈ ಹಾಕಿ ನಿಂತಿದ್ದಾಗ ಪೊರಕೆ ಹಿಡಿದು ಬಂದಳು.

“ಯಕ್ಕಾ, ದವಾಖಾನ್ಯಾಗ ದಿನಾ ತುಂಬದ ಕೂಸಿನ್ನ ಇಂಥಾದ್ರಾಗೇ ಇಡ್ತಾರ್ ನೋಡ್ರಿ. ಕೂಸಿಗೆ ಹಾಲು ಕುಡಸಾಕ ಬಂದೀರೇನು?”

“ಕೂಸು ಇನ್ನೂ ಹುಟ್ಟಲಿಲ್ಲ ಮಾರಾಯ್ತಿ” ಎಂದೆ. ಎಷ್ಟು ದಿನಗಳ ಮೇಲೆ ನಾನೊಂದು ತಮಾಷೆ ಮಾಡಿದೆ ಎಂದು ಆಮೇಲೆ ನೆನಪಾಯಿತು.

ಜೂನ್ 21, ಗುರುವಾರ

ಎರಡು ವಾರ ಬಿಲ್ಲೆಗಳು ಒಡೆದೇ ಹೋದವು. ಒತ್ತಡ ಗಡಿಬಿಡಿಯಲ್ಲಿ ಬಿಟ್ಟರೆ ಪದರ ಏಳುತ್ತದೆ. ಪುಡಿ ಒಂದು ಬದಿಗೆ ಸರಿದಿದ್ದರೆ ಅಂಚು ಉದುರುತ್ತದೆ. ರಬ್ಬರಿನ ಬೆರಳಿಗೆ ಏನೂ ತಿಳಿಯುವುದಿಲ್ಲ, ಎಲ್ಲ ಕಣ್ಣಿನಲ್ಲೇ ಮಾಡಬೇಕು.

ಇವತ್ತು ಒಂದು ಇಡಿಯಾಗಿ ಬಂತು. ಬಿಳಿ, ನುಣುಪು, ಪೆಪ್ಪರ್‌ಮಿಂಟಿನಷ್ಟೇ ಗಾತ್ರ. ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಒಂದು ಗೀರೂ ಇಲ್ಲ. ನೀವು ಒಂದೇ ಕೈಮೇಲೆ ದೋಸೆಯ ತಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡು ಟೇಬಲುಗಳ ಮಧ್ಯೆ ಹೋಗುತ್ತಿದ್ದಿರಲ್ಲ, ಆಗ ನಿಮ್ಮ ಮುಖ ಹೇಗಿರುತ್ತಿತ್ತೋ ಇವತ್ತು ನನ್ನದೂ ಹಾಗೆ ಇತ್ತು. ನೋಡುವುದಕ್ಕೆ ನೀವಿರಲಿಲ್ಲ. ಮರಗಮ್ಮ ನೋಡಿದಳು.

ಜುಲೈ 3, ಮಂಗಳವಾರ

ಅಳೆಯುವವಳು ಸೌಜನ್ಯಾ ಮೇಡಂ. ಕಲ್ಯಾಣದಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು.

ನನ್ನ ಬಿಲ್ಲೆಯನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ ಬಿಗಿದು, ತಂತಿ ಜೋಡಿಸಿ, ಸಣ್ಣ ವಿದ್ಯುತ್ತನ್ನು ಹಿಂದೆ ಮುಂದೆ ತೂಗುತ್ತಾಳೆ. ಮೊದಲು ಬಲು ವೇಗವಾಗಿ, ಆಮೇಲೆ ನಿಧಾನ, ಇನ್ನೂ ನಿಧಾನ. ಕಂಪ್ಯೂಟರಿನಲ್ಲಿ ಚುಕ್ಕಿಗಳು ಒಂದೊಂದಾಗಿ ಮೂಡುತ್ತವೆ. ಮೊದಲು ಅರ್ಧಚಂದ್ರ, ಅದರ ಕೊನೆಗೆ ಮೇಲಕ್ಕೆ ಹೋಗುವ ಬಾಲ.

“ಯೇ ಚಾಂದ್ ಜಿತನಾ ಛೋಟಾ, ಉತನಾ ಅಚ್ಛಾ, ಲೋಲಾಕ್ಷಿ ಆಂಟಿ.” ಚಂದ್ರ ಚಿಕ್ಕದಾದಷ್ಟೂ ತಡೆ ಕಡಿಮೆ.

“ಅಯಾನಿಗೆ ತಡೆ ಆಗುವುದು ಎಲ್ಲಿ?” ಎಂದು ಕೇಳಿದೆ.

ಅವಳು ನಕ್ಕಳು. “ಆಪ್ ಠಾಣೆ ಮೇಂ ಬ್ರಿಜ್ ಚಢಕೆ ಪ್ಲಾಟ್‌ಫಾರ್ಮ್ ಬದಲತೀ ಹೋ ನಾ? ಬಸ್, ವೈಸೇ ಹೀ.”

ಠಾಣೆಯಲ್ಲಿ ನಾನು ಬ್ರಿಜ್ ಹತ್ತಿ ರೈಲು ಬದಲಿಸುತ್ತೇನಲ್ಲ, ಹಾಗೆಯೇ ಅಂತೆ. ಬಿಲ್ಲೆ ಎಂದರೆ ಸಾವಿರಾರು ಕಣಗಳು ಒತ್ತಿಕೊಂಡು ಕೂತದ್ದು. ಒಂದು ಕಣದ ಒಳಗೆ ಅಯಾನು ಸಲೀಸಾಗಿ ಓಡುತ್ತದೆ, ರೈಲಿನಲ್ಲಿ ಕೂತ ಹಾಗೆ. ಒಂದು ಕಣದಿಂದ ಇನ್ನೊಂದಕ್ಕೆ ಹೋಗುವಲ್ಲಿ ನೂಕುನುಗ್ಗಲು. ಬಿಲ್ಲೆ ಸಡಿಲವಾಗಿದ್ದರೆ ಬ್ರಿಜ್ಜೇ ಇಲ್ಲದ ಸ್ಟೇಷನ್ನು. ನಾನು ಸರಿಯಾಗಿ ಒತ್ತಿದರೆ ಅವು ದಾಟುತ್ತವೆ.

ಸಾಯಂಕಾಲ ಠಾಣೆಯ ಬ್ರಿಜ್ಜಿನ ಮೇಲೆ ಜನರ ನಡುವೆ ಸಿಕ್ಕಿಕೊಂಡಾಗ ನನ್ನಷ್ಟಕ್ಕೆ ನಗು ಬಂತು. ನಿಮಗೆ ಹೇಳಬೇಕೆನಿಸಿತು. ಫೋನ್ ತೆಗೆದೂಬಿಟ್ಟೆ.

ಜುಲೈ 10, ಮಂಗಳವಾರ

ಮಳೆ. ರೈಲು ಇಲ್ಲ. ಇಡೀ ದಿನ ಮನೆ.

ಜುಲೈ 16, ಸೋಮವಾರ

ಇನ್ನೊಂದು ಜೊತೆ ಕೈ ಬೇಕೆಂದು ಶರ್ಮಿಳಾ ಎಂಬ ಹುಡುಗಿಯನ್ನು ತೆಗೆದುಕೊಂಡರು. ಅವಳ ಅಪ್ಪ ಬೈಂದೂರಿನ ಕಡೆಯವರು, ಇವಳು ದಿವಾದಲ್ಲಿ ಬೆಳೆದವಳು. ಮೇ ತಿಂಗಳಲ್ಲಿ ಅಲ್ಲಿನದೇ ಮರಾಠಿ ಹುಡುಗನ ಜೊತೆ ಮದುವೆಯಾಗಿದೆ. ಕೈತುಂಬ ಹಸಿರು ಗಾಜಿನ ಬಳೆ.

ಸರ್ ನನ್ನನ್ನು ಕರೆದು “ಪೆಟ್ಟಿಗೆ ಇನ್ನು ನಿಮ್ಮ ಜವಾಬ್ದಾರಿ. ಯಾರು ಕೈ ಹಾಕುವುದಾದರೂ ನೀವು ನೋಡಿ ಬಿಡಬೇಕು” ಎಂದರು. ಹತ್ತನೆಯ ಕ್ಲಾಸು ಓದಿದ ನನಗೆ ಜವಾಬ್ದಾರಿ! ಎದೆ ತುಂಬಿ ಬಂತು.

ಶರ್ಮಿಳಾ ಕೈ ಮುಂದೆ ಮಾಡಿದಳು. “ಅಕ್ಕಾ, ಸಾಸು ಮಾ ಬೋಲೀ, ಶ್ರಾವಣದ ಮಂಗಳಾಗೌರ್ ಆಗುವವರೆಗೆ ಚೂಡಾ ನಹೀಂ ಉತಾರನಾ. ಕ್ಯಾ ಕರೂಂ?”

ಮಂಗಳಗೌರಿ ಪೂಜೆಯವರೆಗೆ ಮದುವೆಯ ಬಳೆ ತೆಗೆಯಬಾರದೆಂದು ಅತ್ತೆಯ ಅಪ್ಪಣೆ. ತೆಗೆ ಎನ್ನಬೇಕಿತ್ತು. ನಿಮ್ಮ ಉತ್ತರಕ್ರಿಯೆಯ ಬೊಜ್ಜದ ದಿನ ಬಾವಿಕಟ್ಟೆಯಲ್ಲಿ ನಿಮ್ಮ ಅಕ್ಕ, ನನ್ನ ಅತ್ತಿಗೆ, ನನ್ನ ಬಳೆ ಒಡೆಯಲು ಕಲ್ಲು ಹಿಡಿದದ್ದು ಕಣ್ಣಿಗೆ ಕಟ್ಟಿತು. ನನ್ನಂಥವಳು ಹೊಸ ಮದುಮಗಳಿಗೆ ಬಳೆ ತೆಗೆ ಎಂದು ಹೇಳುವುದುಂಟೇ? ಅವಳ ಬಳೆಗಳನ್ನು ಮೇಲಕ್ಕೆ ಸರಿಸಿ, ಮೇಲೆ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿ ಟೇಪು ಹಚ್ಚಿದೆ. ಮೆತ್ತಗಿತ್ತು. ಸಾಕು ಎನಿಸಿತು. ಸರ್‌ಗೆ ಹೇಳಲಿಲ್ಲ.

ಜುಲೈ 27, ಶುಕ್ರವಾರ

ಶರ್ಮಿಳಾಳ ಕೈ ಚುರುಕು, ಆದರೆ ಬಾಯಿ ಅದಕ್ಕಿಂತ ಚುರುಕು. ಇವತ್ತು ಪೆಟ್ಟಿಗೆಯಿಂದ ಕೈ ತೆಗೆದವಳು ಮುಖ ಸಣ್ಣದು ಮಾಡಿಕೊಂಡು ನನ್ನ ಕಿವಿಯ ಹತ್ತಿರ “ಅಕ್ಕಾ, ಏಕ್ ಬಾಂಗಡೀ ವಾಢಲೀ” ಎಂದಳು. ಬಾಂಗಡೀ ಎಂದರೆ ಬಳೆ, ವಾಢಲೀ ಎಂದರೆ ಹೆಚ್ಚಾಯಿತು, ಅಷ್ಟು ಮರಾಠಿ ನನಗೂ ಬರುತ್ತದೆ. ಅತ್ತೆ ಇನ್ನೊಂದು ಬಳೆ ತೊಡಿಸಿರಬೇಕು, ನಾನು ಬೈಯುತ್ತೇನೆಂದು ಹೆದರಿದ್ದಾಳೆ. “ಹೆಚ್ಚಾದರೆ ಒಳ್ಳೆಯದೇ ಆಯ್ತು, ಯಾಕೆ ಹೆದರುತ್ತಿ” ಎಂದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಪಟ್ಟಿಯನ್ನು ಇನ್ನೊಂದು ಸುತ್ತು ಸುತ್ತಿದೆ.

ಪೆಟ್ಟಿಗೆಯ ತೇವದ ಮೀಟರು ಸ್ವಲ್ಪ ಮೇಲೆ ಹೋಗಿದೆ. ಹೊರಗೆ ಇಷ್ಟು ಮಳೆ ಇರುವಾಗ ಅಷ್ಟು ಆಗುತ್ತದೆ, ಮಿತಿಯೊಳಗೇ ಇದೆ ಎಂದು ಸೌಜನ್ಯಾ ಹೇಳಿದಳು.

ಆಗಸ್ಟ್ 2, ಗುರುವಾರ

ಮುಟ್ಟಿತು! ಒಂದಲ್ಲ, ಎರಡೂವರೆ!

ಚಂದ್ರ ಕಾಣಿಸಲೇ ಇಲ್ಲ, ಬರೀ ಬಾಲ. ಸೌಜನ್ಯಾ ತಂತಿ ಬಿಚ್ಚಿ, ಮತ್ತೆ ಜೋಡಿಸಿ ಅಳೆದಳು. ಮತ್ತೆ ಅಷ್ಟೇ. ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. ಬಿಲ್ಲೆ ಒತ್ತಿದ್ದು ನಾನು. ಸರ್ ಪೇಢೆ ತರಿಸಿದರು. “ಲೋಲಾಕ್ಷಿಯವರ ಕೈಗುಣ” ಎಂದು ಎಲ್ಲರ ಎದುರು ಹೇಳಿದರು.

ಕೈಗುಣ. ಆ ಶಬ್ದವನ್ನು ನನ್ನ ಬಗ್ಗೆ ಇನ್ನು ಯಾರೂ ಹೇಳಲಾರರು ಎಂದುಕೊಂಡಿದ್ದೆ.

ಆಗಸ್ಟ್ 5, ಭಾನುವಾರ

ನಿಮ್ಮ ಅಕ್ಕ ಜಯಲತಾ ಅತ್ತಿಗೆ ಕಲ್ಯಾಣದಿಂದ ಬಂದಿದ್ದರು, ಪತ್ರೊಡೆ ಕಟ್ಟಿಕೊಂಡು. ಅತ್ತಿಗೆ ಕೆಟ್ಟವರಲ್ಲ. ಬಾವಿಕಟ್ಟೆಯಲ್ಲಿ ನನಗಿಂತ ಹೆಚ್ಚು ಅತ್ತದ್ದು ಅವರೇ. ಅಂದಿನಿಂದ ಮಾತ್ರ ನನ್ನ ಜೊತೆ ಮಾತನಾಡುವಾಗ ನನ್ನ ಕೈ ಕಾಣದ ಹಾಗೆ ಎಲ್ಲೋ ನೋಡುತ್ತಾರೆ.

“ಎಂತ ಕೆಲಸ ಅದು ಲೋಲಾ? ಕೇಳಿದವರಿಗೆ ನಾನು ಎಂತ ಹೇಳುವುದು?”

“ಬ್ಯಾಟರಿಯ ಒಳಗೆ ಇಡುವ ಬಿಲ್ಲೆ ಮಾಡುವುದು ಅತ್ತಿಗೆ. ಅದರೊಳಗೆ ಅಯಾನು ಎಷ್ಟು ಓಡುತ್ತದೆ ಅಂತ ಅಳೆಯುವುದು.”

“ಅದು ಓಡಿದರೆ ನಿನಗೆಂತ ಸಿಗ್ತದೆ ಮಾರಾಯ್ತಿ?”

ಪೇಢೆ ಕೊಟ್ಟೆ. ಒಂದು ತಿಂದರು, ಮತ್ತೊಂದು ಸೆರಗಿಗೆ ಕಟ್ಟಿಕೊಂಡರು. “ನಿನ್ನ ಭಾವನಿಗೆ ತೋರಿಸ್ತೇನೆ, ಇದು ನಮ್ಮ ಲೋಲನ ಬ್ಯಾಟರಿಯ ಪೇಢೆ ಅಂತ.”

ಆಗಸ್ಟ್ 9, ಗುರುವಾರ

ಹೊಸ ಬಿಲ್ಲೆಯ ಅಂಕಿ ನಾಲ್ಕು. ಸರ್ ಪುಣೆಗೆ ಫೋನ್ ಮಾಡಿದರು. ಅವರು ಇಪ್ಪತ್ತಕ್ಕೆ ಬರುತ್ತಾರೆ, ದೊಡ್ಡವರೇ ಬರುತ್ತಾರೆ. ನೆಲ ಒರೆಸುತ್ತಿದ್ದ ಮರಗಮ್ಮ, “ಯಕ್ಕಾ, ಪೇಪರ್‌ನ್ಯಾಗ ನಿಮ್ಮ ಪೋಟೋ ಬಂದ್ರ ನಂದೂ ಒಂದು ಮೂಲ್ಯಾಗ ಹಾಕಸ್ರಿ, ಪೊರಕಿ ಸಮೇತ” ಎಂದಳು.

ಆಗಸ್ಟ್ 13, ಸೋಮವಾರ

ಬೆಳಗ್ಗೆ ಬಲಗೈ ಗ್ಲೋವಿಗೆ ತೂರಿಸುವಾಗ ಮಣಿಕಟ್ಟಿಗೆ ಏನೋ ಚುಚ್ಚಿತು. ಕೈ ತೆಗೆದು ನೋಡಿದರೆ ರಕ್ತದ ಒಂದು ಹನಿ. ಗ್ಲೋವನ್ನು ಹೊರಮಗ್ಗುಲಿಗೆ ಎಳೆದು ತಡವಿದೆ. ರಬ್ಬರಿನಲ್ಲಿ ನೆಟ್ಟುಕೊಂಡಿದ್ದ ಗಾಜಿನ ಚೂರು. ಹಸಿರು. ಅದನ್ನು ಕಿತ್ತಾಗ ಹಿಂದೆ ಸೂಜಿಯ ಮೊನೆಯಷ್ಟು ತೂತು ಕಂಡಿತು.

ಊಟದ ಹೊತ್ತಿಗೆ ಶರ್ಮಿಳಾಳನ್ನು ಕೇಳಿದೆ: “ನಿನ್ನ ಬಳೆ ಒಳಗೆ ಒಡೆದಿತ್ತಾ?”

ಅವಳು ತಟ್ಟನೆ ಬಳೆಗಳನ್ನು ಕೈಯಿಂದ ಮುಚ್ಚಿಕೊಂಡಳು. “ಅಕ್ಕಾ, ಐಸಾ ಮತ್ ಬೋಲೋ. ನಾನು ಅವತ್ತೇ ಹೇಳಿದೆನಲ್ಲ, ವಾಢಲೀ ಅಂತ!”

“ವಾಢಲೀ ಎಂದರೆ ಹೆಚ್ಚಾಯಿತು ಅಲ್ಲವೇ?”

ಮರಗಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಹೆಚ್ಚೋದು ಅಂದ್ರ ಒಡಿಯೋದ್ರೀ ಯಕ್ಕಾ. ನಮ್ಮ ಕಡಿನೂ ಹಂಗ ಅಂತೀವಿ. ಮುತ್ತೈದಿ ಬಳಿ ಒಡೀತು ಅಂತ ಬಾಯಿಲೆ ಅನಬಾರದಲ್ರೀ, ಅದಕ್ಕ ಹೆಚ್ಚಿತು ಅಂತಾರ.” ತನ್ನ ಕೈಯ ಬಳೆಗಳನ್ನು ಝಣ್ ಎನಿಸಿದಳು. “ಅವರವು ಹೆಚ್ಚತಾವ, ನಿಮ್ಮವು ನನ್ನವು ಒಡೀತಾವ. ಗಾಜು ಒಂದೇ.”

“ನಿನ್ನವು? ನಿನ್ನ ಗಂಡ…”

“ಹೋಗಿ ಬಾಳ ವರ್ಸಾತ್ರೀ. ಬಳಿ ನಾ ದುಡದು ಹಾಕ್ಕೊಂಡದ್ದು. ಯಾಂವ ಕೇಳ್ತಾನ?”

ಶರ್ಮಿಳಾ ಅವತ್ತೇ ಹೇಳಿದ್ದಳು. ಕೇಳಿಸಿಕೊಳ್ಳುವುದಕ್ಕೆ ನನಗೆ ಬರಲಿಲ್ಲ. ಬಳೆ ಹೆಚ್ಚಿದ್ದು ಜುಲೈ ಕೊನೆಗೆ. ಅಂಕಿ ಹೆಚ್ಚಿದ್ದು ಅದರ ಮರುವಾರ. ಎರಡೂ ಒಂದೇ ರೀತಿಯ ಹೆಚ್ಚುವುದು ಎಂದು ಹೊಳೆದದ್ದು ಮನೆಗೆ ಬರುವಾಗ, ರೈಲಿನಲ್ಲಿ. ಒಳಗೆ ತೇವ ಹೋಗಿದೆ. ಪುಡಿ ನೀರು ಕುಡಿದಿದೆ. ದಾಟುತ್ತಿರುವುದು ಬಿಲ್ಲೆಯ ಗುಣದಿಂದಲ್ಲ, ನೀರಿನಿಂದ ಇರಬೇಕು.

ಆಗಸ್ಟ್ 14, ಮಂಗಳವಾರ

ಹೇಳಲಿಲ್ಲ.

ತೂತಿನ ಮೇಲೆ ಟೇಪು ಹಚ್ಚಿದೆ. ಸರ್ ಗೋಡೆಗೆ ಬಣ್ಣ ಹೊಡೆಸುತ್ತಿದ್ದಾರೆ. ಹೇಳಿದರೆ ಇಪ್ಪತ್ತಕ್ಕೆ ತೋರಿಸಲು ಏನೂ ಇಲ್ಲ. ಕೈಗುಣವೂ ಹೋಯಿತು, ಕೆಲಸವೂ ಹೋಯಿತು, ಆ ಹುಡುಗಿಯೂ ಹೋದಳು. ಹೇಳದಿದ್ದರೆ ಏನು? ಯಾರಿಗೆ ಗೊತ್ತಾಗುತ್ತದೆ? ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ? ಒಂದು ಸಲ ಸಾಂಬಾರು ಹಳಸಿದೆ ಎಂದು ಅನುಮಾನ ಬಂದು ಊಟದ ಹೊತ್ತಿಗೇ ಇಡೀ ಪಾತ್ರೆ ಚೆಲ್ಲಿಸಿ, ಗಿರಾಕಿಗಳ ಎದುರು ಕೈಮುಗಿದು ನಿಂತಿದ್ದಿರಿ. ಯಜಮಾನರು ಬೈದರು. ಮನೆಗೆ ಬಂದು ಹಾಯಾಗಿ ನಿದ್ದೆ ಮಾಡಿದಿರಿ.

ಆಗಸ್ಟ್ 16, ಗುರುವಾರ

ಹೇಳಿದೆ. ಮೊದಲು ಸೌಜನ್ಯಾಳಿಗೆ. ಗಾಜಿನ ಚೂರನ್ನು ಅವಳ ಅಂಗೈಯಲ್ಲಿಟ್ಟೆ. ಅವಳ ಮುಖ ಬಿಳುಚಿತು. ಒಂದು ಮಾತೂ ಬೈಯಲಿಲ್ಲ. “ಗರಮ್ ಕರಕೆ ದೇಖತೇ ಹೈಂ” ಎಂದಳು.

ಬಿಲ್ಲೆಯನ್ನು ಬಿಸಿ ಮಾಡುತ್ತಾ ಅಳೆಯಬೇಕು. ಬಿಸಿಯಾದ ಹಾಗೆ ಅಂಕಿ ಏರಬೇಕು, ತಣಿದ ಹಾಗೆ ಏರಿದ ದಾರಿಯಲ್ಲೇ ಇಳಿಯಬೇಕು. ಹಾಗಾದರೆ ಅದು ಬಿಲ್ಲೆಯದೇ ಗುಣ. ಬೇರೆ ದಾರಿಯಲ್ಲಿ ಇಳಿದರೆ ಒಳಗಿದ್ದ ಏನೋ ಹಾರಿಹೋಗಿದೆ ಎಂದರ್ಥ.

ಇಬ್ಬರೂ ಪರದೆಯ ಮುಂದೆ ಕೂತೆವು. ಚುಕ್ಕಿಗಳು ಏರಿದವು. ನಡುವೆ ಒಂದು ಕಡೆ ಮುಗ್ಗರಿಸಿ ಕೆಳಗೆ ಬಿದ್ದವು. ತಣಿದ ಮೇಲೆ ನಾಲ್ಕೂ ಇಲ್ಲ, ಎರಡೂವರೆಯೂ ಇಲ್ಲ. ಮತ್ತೆ ಅದೇ ಅರ್ಧ, ಅದೇ ಹಳೆಯ ಚಂದ್ರ.

ಸೌಜನ್ಯಾ ನನ್ನ ಕೈ ಹಿಡಿದುಕೊಂಡೇ ಇದ್ದಳು.

ಆಗಸ್ಟ್ 17, ಶುಕ್ರವಾರ

ಸರ್ ಮೊದಲು ಕೇಳಿದ್ದು, “ಬಳೆ ಇದ್ದವಳನ್ನು ಯಾಕೆ ಬಿಟ್ಟಿರಿ?”

ಶರ್ಮಿಳಾ ಅಳುತ್ತಿದ್ದಳು. ನಾನು ಮುಂದೆ ಬಂದೆ. “ಅವಳದು ತಪ್ಪಿಲ್ಲ ಸರ್. ಒಡೆದಾಗಲೂ ಹೇಳಿದ್ದಾಳೆ, ಅರ್ಥವಾಗದೆ ಇದ್ದದ್ದು ನನಗೆ. ಬಿಟ್ಟವಳೂ ನಾನೇ.”

“ತೆಗೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ!”

“ಹೊಸ ಮದುಮಗಳಿಗೆ ಆ ಮಾತು ನನ್ನ ಬಾಯಿಂದ ಹೇಗೆ ಹೇಳಲಿ ಸರ್?”

ಅವರು ನನ್ನ ಕೈ ನೋಡಿದರು. ಆಮೇಲೆ ಅಲ್ಲೇ ನಮ್ಮೆಲ್ಲರ ಎದುರು ಪುಣೆಗೆ ಫೋನ್ ಮಾಡಿದರು. “ನಮ್ಮ ಬಿಲ್ಲೆಗೆ ತೇವ ತಾಗಿತ್ತು. ನಾನು ಕೊಟ್ಟ ಅಂಕಿ ತಪ್ಪು. ಇಪ್ಪತ್ತಕ್ಕೆ ಬರಬೇಡಿ.” ಆ ಕಡೆಯಿಂದ ಏನೇನೋ ಕೂಗಾಟ ಕೇಳಿಸಿತು. ಸರ್ ಹೂಂ, ಹೂಂ ಎಂದರು. “ನಮ್ಮ ತಪ್ಪನ್ನು ನಾವೇ ಹಿಡಿದೆವು ಸರ್. ಹಿಡಿದವರು ಇಲ್ಲೇ ಇದ್ದಾರೆ” ಎಂದರು ಕೊನೆಗೆ.

ಫೋನ್ ಇಟ್ಟು ನಮಗೆ ಹೇಳಿದರು: “ದಸರೆಯ ಮಾತು ಹಾಗೇ ಉಂಟಂತೆ. ಒಂದು ದಿನ ಹೆಚ್ಚಿಲ್ಲ. ಇನ್ನು ಪೆಟ್ಟಿಗೆಯ ಹತ್ತಿರ ಬರುವವರು ಬಳೆ ಬಾಗಿಲಲ್ಲಿ ಇಟ್ಟು ಬರಬೇಕು. ನೋಡುವವರು ಲೋಲಾಕ್ಷಿಯವರೇ.”

ನನ್ನನ್ನೇ ಇಟ್ಟರು! ತಲೆ ತಗ್ಗಿಸಿ ಬಂದವಳು ತಲೆ ಎತ್ತಿ ಹೊರಗೆ ಬಂದೆ.

ಆಗಸ್ಟ್ 19, ಭಾನುವಾರ

ದಿವಾಕ್ಕೆ ಹೋದೆ. ಶರ್ಮಿಳಾಳ ಅತ್ತೆಯ ಹತ್ತಿರ ಮಾತನಾಡದೆ ಅವಳ ಬಳೆಗೆ ಕೈಹಚ್ಚುವುದು ಸರಿಯಲ್ಲ ಎನಿಸಿತು. ಅಂಗಳವೇ ಇಲ್ಲದ ಮನೆಗಳ ಸಾಲು, ಮೂರನೆಯ ಮಹಡಿ. ಬಾಗಿಲಲ್ಲೇ ನಿಂತೆ. ಶ್ರಾವಣದಲ್ಲಿ ನಾನು ಒಳಗೆ ಹೋಗಬಹುದೋ ಇಲ್ಲವೋ.

“ಯಾ ಯಾ, ಆತ್ ಯಾ” ಎಂದು ಅವರೇ ಕೈಹಿಡಿದು ಒಳಗೆ ಕರೆದರು. ಅವಲಕ್ಕಿ ಕೊಟ್ಟರು. ಪೆಟ್ಟಿಗೆ, ಗ್ಲೋವ್ಸು, ತೂತು ಎಲ್ಲವನ್ನೂ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವರು ಕೇಳಿ ಹಣೆ ಚಚ್ಚಿಕೊಂಡರು. ಸೊಸೆಯ ಕಡೆ ತಿರುಗಿ, “ಅಗ ವೇಡೇ, ಹುಚ್ಚೀ! ಒಡೆಯಬಾರದು ಅಂದೆ, ತೆಗೆದಿಡಬಾರದು ಅಂದೆನೇ? ತೆಗೆದು ದೇವರ ಮುಂದೆ ಇಡು, ಬಂದು ಹಾಕಿಕೋ. ದೇವಿ ಕಾದುಕೊಳ್ಳುತ್ತಾಳೆ” ಎಂದರು.

ಸಾಬೂನು ತಂದು ಶರ್ಮಿಳಾಳ ಕೈಗೆ ಹಚ್ಚಿ, ಬೆರಳುಗಳನ್ನು ಒತ್ತಿ ಹಿಡಿದು, ಬಳೆಗಳನ್ನು ಒಂದೊಂದಾಗಿ ಜಾರಿಸಿದರು. ಒಂದಕ್ಕೂ ಪೆಟ್ಟಾಗಲಿಲ್ಲ.

ನನ್ನವನ್ನೂ ಹಾಗೆ ತೆಗೆಯಬಹುದಿತ್ತು. ಅವತ್ತು ಯಾರಿಗೂ ಹೊಳೆಯಲಿಲ್ಲ, ನನಗೂ.

ಸೆಪ್ಟೆಂಬರ್ 4, ಮಂಗಳವಾರ

ಹೊಸ ಗ್ಲೋವ್ಸು ಬಂದಿವೆ. ಬಾಗಿಲ ಬಳಿ ಸ್ಟೀಲಿನ ತಟ್ಟೆ. ಸೌಜನ್ಯಾಳ ವಾಚು, ಶರ್ಮಿಳಾಳ ಬಳೆಗಳು ಅದರಲ್ಲಿ. ಪೆಟ್ಟಿಗೆಯ ಮುಂದೆ ನಮ್ಮ ಮೂವರ ಕೈಯೂ ಒಂದೇ ಥರ.

ಅಂಕಿ: ಅರ್ಧಕ್ಕಿಂತ ಸ್ವಲ್ಪ ಮೇಲೆ. ಏರಿದ ದಾರಿಯಲ್ಲೇ ಇಳಿಯಿತು.

ಸೆಪ್ಟೆಂಬರ್ 20, ಗುರುವಾರ

ಚೌತಿ ಕಳೆದು ವಾರವಾಯಿತು. ಈ ವರ್ಷ ನಮಗೆ ಹಬ್ಬ ಇಲ್ಲ. ಶರ್ಮಿಳಾಳ ಮನೆಯಿಂದ ಮೋದಕ ಬಂತು. ನಾನು ಅವಳಿಗೆ ಬೇರೆ ಡಬ್ಬಿಯಲ್ಲಿ ಕೊಟ್ಟೆ ಹಿಟ್ಟು, ಅಂದರೆ ನಮ್ಮ ಎಲೆಯ ಕಡುಬು, ಒಯ್ಯುತ್ತೇನೆ. ಹಲಸಿನ ಎಲೆ ಇಲ್ಲದೆ ಲೋಟದಲ್ಲಿ ಬೇಯಿಸಿದ್ದಕ್ಕೆ ಕೊಟ್ಟೆ ಎನ್ನಬಹುದೇ ಎಂದರೆ, “ಅಕ್ಕಾ, ಗ್ಲಾಸ್ ಇಡ್ಲೀ ಬೋಲೋ” ಎನ್ನುತ್ತಾಳೆ.

ಸೌಜನ್ಯಾ ಪುಡಿಯ ಪಾಕ ಬದಲಿಸುತ್ತಲೇ ಇದ್ದಾಳೆ. ಅವಳ ಹಠ ದೊಡ್ಡದು. ಅವಳು ಬೆರೆಸುತ್ತಾಳೆ, ನಾನು ಒತ್ತುತ್ತೇನೆ. 0.7. ಆಮೇಲೆ 0.6. ಮತ್ತೆ 0.8. ಒಂದೊಂದು ಅಂಕಿಯೂ ಸಣ್ಣದು. ಒಂದೂ ಸುಳ್ಳಲ್ಲ.

ಅಕ್ಟೋಬರ್ 9, ಮಂಗಳವಾರ

ಒಂದು ದಾಟಿತು. 1.1.

ಯಾರೂ ಕೂಗಲಿಲ್ಲ. ಪೇಢೆ ತರಿಸಲಿಲ್ಲ. ಸೌಜನ್ಯಾ ಬಿಸಿ ಮಾಡುವ ಗುಂಡಿ ಒತ್ತಿದಳು. ನಾವೆಲ್ಲ ನಿಂತೇ ನೋಡಿದೆವು. ಏರಿತು. ಇಳಿಯಲು ತೊಡಗಿತು. ಇಳಿಯುವ ಚುಕ್ಕಿಗಳು ಏರಿದ ಚುಕ್ಕಿಗಳ ಮೇಲೇ ಕೂರುತ್ತಾ ಬಂದವು. ಕೊನೆಯ ಚುಕ್ಕಿ ಮೊದಲನೆಯದರ 1.1ರ ಮೇಲೆ ಕೂತಿತು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

“ಕೂಸು ಹುಟ್ಟಿತೇನ್ರೀ?” ಎಂದಳು ಮರಗಮ್ಮ ಬಾಗಿಲಿನಿಂದ.

“ಹುಟ್ಟಿತು” ಎಂದೆ. “ದಿನ ತುಂಬಿಯೇ ಹುಟ್ಟಿತು.”

ಅಕ್ಟೋಬರ್ 16, ಮಂಗಳವಾರ

ಪುಣೆಯವರು ಬಂದರು, ತಮ್ಮದೇ ಅಳೆಯುವ ಯಂತ್ರ ಹಿಡಿದುಕೊಂಡು. ಕಳೆದ ಸಲದ ನಂತರ ನಂಬಿಕೆ ಇರಲಿಲ್ಲ, ಅದು ನ್ಯಾಯವೇ. ನಾನು ಅವರ ಎದುರೇ ಹೊಸ ಬಿಲ್ಲೆ ಒತ್ತಿದೆ. ಮೊದಲ ಸಲ ಇಷ್ಟು ಜನರ ಕಣ್ಣು ನನ್ನ ಕೈಮೇಲೆ. ಗೀರು ಬೀಳಲಿಲ್ಲ. ಅವರ ಯಂತ್ರದಲ್ಲೂ 1.1, ಏರುವಾಗಲೂ ಇಳಿಯುವಾಗಲೂ.

ಅವರ ಪೈಕಿ ದೊಡ್ಡವರು ಪೆಟ್ಟಿಗೆಯಲ್ಲಿ ಕೈ ಹಾಕಿ ನೋಡಲು ಬಂದರು. ಬೆರಳಲ್ಲಿ ಹವಳದ ಉಂಗುರ.

“ಸರ್, ಅದನ್ನು ತೆಗೆಯಿರಿ” ಎಂದೆ.

ಅವರು ಸರ್ ಮುಖ ನೋಡಿದರು. ಸರ್ ಅಲ್ಲಾಡಲಿಲ್ಲ. ಅವರು ಉಂಗುರ ತೆಗೆದು ತಟ್ಟೆಯಲ್ಲಿಟ್ಟರು.

ಲ್ಯಾಬು ಇನ್ನೆರಡು ವರ್ಷ ನಡೆಯುತ್ತದೆ.

ಮನೆಗೆ ಬರುವಾಗ ನಮ್ಮ ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಬಳೆಯಂಗಡಿಯಲ್ಲಿ ನಿಂತೆ. ಅಂಗಡಿಯವಳು ನನ್ನ ಅಳತೆ ನೋಡಿ ಬಿಗಿಯಾದದ್ದನ್ನು ತೆಗೆದಳು. ಇನ್ನೊಂದು ಅಳತೆ ದೊಡ್ಡದು ಕೊಡು ಎಂದೆ. ನೀಲಿ ಗಾಜು.

ಅಕ್ಟೋಬರ್ 21, ಭಾನುವಾರ

ಅತ್ತಿಗೆ ಬಂದಿದ್ದರು. ಚಹಾ ಕೊಡುವಾಗ ಬಳೆ ಲೋಟಕ್ಕೆ ತಾಗಿ ಸದ್ದಾಯಿತು. ಅವರು ನೋಡಿದರು. ಆ ಬೊಜ್ಜದ ದಿನದ ನಂತರ ಮೊದಲ ಸಲ ನನ್ನ ಕೈಯನ್ನು ನೋಡಿದರು. ನಾನು ಕೈ ಹಿಂದೆ ಎಳೆದುಕೊಳ್ಳಲಿಲ್ಲ.

ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದು, ಬಳೆಯನ್ನು ಬೆರಳಲ್ಲಿ ತಿರುಗಿಸಿದರು.

“ಸಡಿಲ ಆಯ್ತಲ್ಲ ಲೋಲಾ. ಬಿದ್ದು ಹೋದೀತು.”

“ಬೀಳುವುದಿಲ್ಲ ಅತ್ತಿಗೆ. ದಿನಾ ಬೆಳಗ್ಗೆ ಪೆಟ್ಟಿಗೆಗೆ ಕೈ ಹಾಕುವ ಮೊದಲು ತೆಗೆಯಬೇಕಲ್ಲ, ಅದಕ್ಕೆ. ನಾನೇ ತೆಗೆಯುವುದು, ಸಾಯಂಕಾಲ ನಾನೇ ಹಾಕುವುದು.”

ಅತ್ತಿಗೆ ಕಣ್ಣು ಒರೆಸಿಕೊಂಡರು. “ಜಯಶೀಲನಿಗೆ ನೀಲಿ ಇಷ್ಟ ಇತ್ತು” ಎಂದರು.

ಹೌದು, ನಿಮಗೆ ನೀಲಿ ಇಷ್ಟ. ಆದರೆ ಅಂಗಡಿಯಲ್ಲಿ ಅದು ನೆನಪಾಗಿರಲಿಲ್ಲ. ಶರ್ಮಿಳಾಳದು ಹಸಿರು, ತಟ್ಟೆಯಲ್ಲಿ ಬೆರೆತುಹೋಗಬಾರದೆಂದು ನೀಲಿ ತೆಗೆದುಕೊಂಡೆ.

ಅಕ್ಕಿ ಒಂದು ಲೋಟ ಹೆಚ್ಚು ಹಾಕಬೇಕು. ಅತ್ತಿಗೆ ಊಟಕ್ಕೆ ಇದ್ದಾರೆ.